ಹುಳದ ಪಾಲು

ನಿಯಂತ್ರಣ ಕೇಂದ್ರದ ದೊಡ್ಡ ಪರದೆಯ ಮೇಲೆ ಕೆಂಪು ಚುಕ್ಕೆ ಹೊತ್ತಿಕೊಂಡರೆ ಅಲ್ಲಿದ್ದವರಿಗೆಲ್ಲ ಸಂತೋಷವಾಗುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದು ತಲೆಗೆ ಹೋಗಲು ಕೆಲವು ದಿನ ಹಿಡಿಯುತ್ತಿತ್ತು. ಕೆಂಪು ಅಂದರೆ ಯಾವುದೋ ಊರಿನಲ್ಲಿ ಯಾರದೋ ಗೋಧಿಯನ್ನು ಹುಳ ಹೊಟ್ಟೆ ತುಂಬ ತಿನ್ನುತ್ತಿದೆ ಎಂದರ್ಥ. ಹಸಿರು ಚುಕ್ಕೆ ಕಂಡರೆ ಮಾತ್ರ ಎಲ್ಲರ ಮುಖ ಕಪ್ಪಿಡುತ್ತಿತ್ತು.

ಈ ತಲೆಕೆಳಗಿನ ಲೋಕವನ್ನು ಕಟ್ಟಿದವಳು ಡಾ. ಇಂದುಮತಿ ಹಿತ್ತಲಮನಿ. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು.

ತೆನೆನೊಣ ಎಲ್ಲಿಂದ ಬಂತೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಸೊಳ್ಳೆಗಿಂತ ಸಣ್ಣದು, ಅರಿಸಿನದ ಬಣ್ಣ. ಗೋಧಿ ತೆನೆ ಹೊರಬೀಳುವ ದಿನಗಳಲ್ಲಿ ಗುಂಪುಗುಂಪಾಗಿ ಬಂದು ಕಾಳಿನ ಸಿಪ್ಪೆಯ ಸಂದಿಯಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳ ಕಾಳಿನ ಹಾಲು ಕುಡಿಯುತ್ತದೆ. ತೆನೆಯೇನೋ ನೆಟ್ಟಗೆ ನಿಂತೇ ಇರುತ್ತದೆ, ರಾಶಿ ಮಾಡಿ ತೂರಿದಾಗಲೇ ಒಳಗೆ ಬರೀ ಹೊಟ್ಟು ಎಂದು ತಿಳಿಯುವುದು. ಔಷಧಿ ಹೊಡೆದರು, ನೊಣ ಔಷಧಿಗೆ ಒಗ್ಗಿಕೊಂಡಿತು. ಕಪ್ಪು ಎರೆ ಮಣ್ಣಿನ ಹೊಲದ ಜನ ಗೋಧಿ ಬಿಟ್ಟು ಕಡಲೆ ಬಿತ್ತಿದರು, ಕುಸುಬೆ ಬಿತ್ತಿದರು. ಗೋಧಿಯ ಸಿಹಿ ಮಾದಲಿ ಇಲ್ಲದ ಮದುವೆಗಳಾದವು.

ಆಗ ಇಂದುಮತಿ ಹಳೆಯ ಜವೆಗೋಧಿಯ ಒಂದು ತಳಿಯಲ್ಲಿ ನೊಣ ಮುಟ್ಟದ ಗುಣವನ್ನು ಕಂಡುಹಿಡಿದಳು. ಅದನ್ನು ಸಾದಾ ಗೋಧಿಯ ಜೊತೆ ಸಂಕರ ಮಾಡಿ, ಹುಟ್ಟಿದ್ದರಲ್ಲಿ ಒಳ್ಳೆಯದನ್ನು ಆರಿಸಿ, ಮತ್ತೆ ಸಂಕರ ಮಾಡಿ, ತಲೆಯ ಕೂದಲು ಬೆಳ್ಳಗಾಗುವ ಹೊತ್ತಿಗೆ ‘ಕವಚ’ ಎಂಬ ತಳಿಯನ್ನು ಹೊರತಂದಳು. ಹುಳದ ಬಾಯಿ ತಗುಲಿದ ಕೂಡಲೇ ಕವಚದ ಕಾಳು ಕಹಿಯಾಗುತ್ತಿತ್ತು. ಹುಳ ಉಪವಾಸ ಬಿದ್ದು ಸಾಯುತ್ತಿತ್ತು. ಕಾಳು ಬಲಿಯುವಷ್ಟರಲ್ಲಿ ಆ ಕಹಿ ತಾನಾಗಿ ಇಳಿದುಹೋಗುತ್ತಿತ್ತು, ಮನುಷ್ಯರ ಚಪಾತಿಯವರೆಗೆ ಬರುತ್ತಿರಲಿಲ್ಲ. ಜನ ಅವಳ ಫೋಟೋವನ್ನು ದೇವರ ಜಗಲಿಯ ಪಕ್ಕ ತೂಗುಹಾಕಿದರು.

ಆದರೆ ಇಂದುಮತಿಗೆ ನಿದ್ದೆ ಬರಲಿಲ್ಲ. ಲಕ್ಷ ನೊಣಗಳಲ್ಲಿ ಒಂದಕ್ಕೆ ಆ ಕಹಿಯನ್ನು ಅರಗಿಸಿಕೊಳ್ಳುವ ಹೊಟ್ಟೆ ಇರುತ್ತದೆ. ಎಲ್ಲೆಲ್ಲೂ ಕವಚವನ್ನೇ ಬಿತ್ತಿದರೆ ಉಳಿದ ನೊಣಗಳೆಲ್ಲ ಸತ್ತು ಅಂಥವು ಮಾತ್ರ ಬದುಕುತ್ತವೆ. ಅವು ತಮ್ಮತಮ್ಮಲ್ಲೇ ಕೂಡುತ್ತವೆ, ಅವುಗಳ ಮಕ್ಕಳೆಲ್ಲ ಕಹಿ ತಿನ್ನುವವೇ ಆಗುತ್ತವೆ. ಎರಡು ಮೂರು ಬೆಳೆಗೆ ಕವಚ ಮುಗಿದುಹೋಗುತ್ತದೆ, ಆಮೇಲೆ ಇನ್ನೊಂದು ತಳಿ ಇಲ್ಲ. ಇದನ್ನು ತಪ್ಪಿಸಲು ಇರುವುದು ಒಂದೇ ದಾರಿ. ಊರಿಗೊಂದು ಹೊಲದಲ್ಲಿ ಕವಚವಲ್ಲದ ಸಿಹಿ ಗೋಧಿಯನ್ನು ಬಿತ್ತಿ ಹುಳಕ್ಕೆ ಬಿಟ್ಟುಬಿಡಬೇಕು. ಅಲ್ಲಿ ಸಾದಾ ನೊಣಗಳು ಲಕ್ಷಗಟ್ಟಲೆ ಹುಟ್ಟುತ್ತವೆ. ಅಪರೂಪದ ಆ ಕಹಿಹೊಟ್ಟೆಯ ನೊಣಕ್ಕೆ ಸಾದಾ ಮನೆತನದ ಸಂಬಂಧವೇ ಗಂಟುಬೀಳುತ್ತದೆ. ಹುಟ್ಟುವ ಮರಿಗೆ ಕಹಿ ಅರಗುವುದಿಲ್ಲ. ಎರಡೂ ಬೀಜ ಬೆರೆಸಿ ಬಿತ್ತಿ ನೋಡಿದ್ದರು. ಮರಿಹುಳ ಸಿಹಿ ತೆನೆಯಿಂದ ಕಹಿ ತೆನೆಗೆ ಹರಿದಾಡಿ ಮೆಲ್ಲಗೆ ಕಹಿಯನ್ನು ರೂಢಿಮಾಡಿಕೊಳ್ಳುತ್ತಿತ್ತು. ಹಾಗಾಗಿ ಹೊಲವೇ ಬೇರೆ ಇರಬೇಕು.

ಸಿಹಿ ಗೋಧಿಗೆ ಹಾಲುಗೋಧಿ ಎಂದು ಹೆಸರಾಯಿತು. ಅದನ್ನು ಬಿತ್ತುವ ಹೊಲಕ್ಕೆ ಕಾನೂನಿನಲ್ಲಿ ಏನೋ ಉದ್ದನೆಯ ಹೆಸರಿತ್ತು, ಜನ ಅದನ್ನು ಹುಳದ ಪಾಲು ಎಂದರು. ಪಾಲಿನ ಹೊಲದ ನಡುವೆ ಒಂದು ಕಂಬ. ಹುಳ ಕಚ್ಚಿದ ಗೋಧಿ ಬಿಡುವ ವಾಸನೆಯನ್ನು ಆ ಕಂಬ ಹಿಡಿದು ಕೇಂದ್ರಕ್ಕೆ ಕಳಿಸುತ್ತಿತ್ತು. ಅದು ಮೂಗುಗಂಬ.

ಎರೆಹಾಳ ಎಂಬ ಊರಿನಲ್ಲಿ ಗಾಳಿಯ ದಿಕ್ಕಿಗೆ ಹೊಂದುವ ಹೊಲಗಳು ಮೂರಿದ್ದವು. ಒಂದು ಪಂಚಾಯ್ತಿ ಅಧ್ಯಕ್ಷರದು, ಒಂದು ಮಠದ್ದು, ಇನ್ನೊಂದು ಹಳ್ಳದ ದಂಡೆಯ ಗದಿಗೆಪ್ಪ ಸುಣಗಾರನದು. ಕಂಪ್ಯೂಟರು ಗದಿಗೆಪ್ಪನದನ್ನೇ ಆರಿಸಿತು. ಕಂಪ್ಯೂಟರಿಗೂ ಊರಿನ ರೀತಿ ರಿವಾಜು ಗೊತ್ತಿತ್ತು ಅನ್ನಿ.

ಪಾಲಿನ ಮನೆ ಉಪವಾಸ ಬೀಳಲಿಲ್ಲ. ಉಗ್ರಾಣದಿಂದ ಚೀಲ ತುಂಬಿದ ಗೋಧಿಹಿಟ್ಟು ಬರುತ್ತಿತ್ತು. ಆದರೆ ಆ ಮನೆಗೆ ಹುಳದ ಮನಿ ಎಂದು ಹೆಸರು ಬಿತ್ತು. ರಾಶಿಯ ಪೂಜೆಗೆ ಗದಿಗೆಪ್ಪನನ್ನು ಕರೆಯುವುದು ನಿಂತಿತು, ಅವನ ಕಾಲಿಗೆ ನೊಣ ಅಂಟಿಕೊಂಡು ಬಂದೀತು ಎಂದು. ಊರಿನ ಗೋಧಿ ಉಳಿದಿದ್ದೇ ಅವನ ಹೊಲದಿಂದ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದರೇನು? ಊರ ಉಪಕಾರ ಹೆಣದ ಶೃಂಗಾರ.

ಗದಿಗೆಪ್ಪನಿಗೆ ಹೆಣ್ಣು ಹುಡುಕಲು ಅವನ ತಾಯಿ ದುರಗವ್ವ ಬಹಳ ದೂರ ಹೋಗಬೇಕಾಯಿತು. ಕಸ್ತೂರೆವ್ವನ ತಂದೆಗೆ “ಎರೀ ಹೊಲಾ ಐತಿ, ಹಳ್ಳದ ದಂಡಿಗೆ, ಗೋಧಿ ಬಿತ್ತತೇವಿ” ಎಂದಳು. ಸುಳ್ಳೇನಲ್ಲ. ಕಸ್ತೂರೆವ್ವ ಬಂದ ವರ್ಷ ಹೊಲ ನೋಡಿ ಕುಣಿದಳು, ತೆನೆಗಳು ಅಷ್ಟು ನೆಟ್ಟಗಿದ್ದವು. ರಾಶಿಯ ದಿನ ಮೊರ ಹಿಡಿದು ತೂರಲು ನಿಂತಳು. ಮೊರದಲ್ಲಿ ಏನೂ ಉಳಿಯಲಿಲ್ಲ. ಯಾರೂ ಅವಳಿಗೆ ಮೊದಲೇ ಹೇಳಿರಲಿಲ್ಲ, ಗಂಡನೂ ಸಹ. ಅವಳು ಮೊರವನ್ನು ಬೋರಲು ಹಾಕಿ ಅಲ್ಲೇ ಕಣದಲ್ಲಿ ಕೂತು ಅತ್ತಳು. ಅಂದಿನಿಂದ ಅವಳಿಗೆ ಒಂದೇ ಹಟ: ಈ ಹೊಲದ ಕಾಳನ್ನು ಒಂದು ಸಲವಾದರೂ ಕೈಯಲ್ಲಿ ಹಿಡಿಯಬೇಕು.

ಅವಳು ಬಸುರಿಯಾದ ವರ್ಷ, ಹಿಂಗಾರಿ ಬಿತ್ತಿಗೆಯ ಮುಂಚೆ ಕುಬಸ ಬಂತು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮುತ್ತೈದೆಯರು ಬಸುರಿಯ ಉಡಿ ತುಂಬುವ ದಿನ. ಎರೆಹಾಳದಲ್ಲಿ ಉಡಿಗೆ ಹಾಕುವುದು ಗೋಧಿಯನ್ನೇ. ಐದು ಬೊಗಸೆ ಕಾಳು, ಜೊತೆಗೆ ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನದ ಕೊಂಬು. ಉಡಿಯೊಡ್ಡಿದ ಮೇಲೆ ಮಡಚುವಂತಿಲ್ಲ, ಬಿದ್ದ ಕಾಳನ್ನು ಬೇಡವೆನ್ನುವಂತಿಲ್ಲ.

ಉಪಾಯ ಹೊಳೆದದ್ದು ಪಕ್ಕದ ಹೊಲದ ಕಳಕವ್ವನಿಗೆ. ದೊಡ್ಡ ಬಾಯಿ, ಮನಸ್ಸು ಅದಕ್ಕಿಂತ ದೊಡ್ಡದು. ಕಸ್ತೂರೆವ್ವ ಕಣದಲ್ಲಿ ಅತ್ತದ್ದನ್ನು ನೋಡಿದವಳು ಅವಳು. ಮನೆಮನೆಗೆ ಹೋಗಿ ಹೆಂಗಸರಿಗೆ ಹೇಳಿದಳು: “ಉಡಿಗೆ ಅಳತಿ ಯಾರ ಇಟ್ಟಾರ? ಬೊಗಸಿ ಬ್ಯಾಡ, ಬುಟ್ಟೀಲೆ ತರ್ರಿ.”

ಪಾಲಿನ ಮನೆಗೆ ಕವಚದ ಬೀಜ ಒಂದು ಕಾಳೂ ಹೋಗಬಾರದೆಂದು ಕಾನೂನಿತ್ತು. ಅದನ್ನು ಕಾಯಲು ಸಂಗಪ್ಪ ಹೆಬಸೂರ ಎಂಬ ಇನ್ಸ್‌ಪೆಕ್ಟರು ಬಿತ್ತಿಗೆಯ ದಿನಗಳಲ್ಲಿ ಗದಿಗೆಪ್ಪನ ಬಾಗಿಲಲ್ಲೇ ಕೂತಿರುತ್ತಿದ್ದ. ಕೈಯಲ್ಲಿ ಒಂದು ಕೋಲು. ಕಾಳಿಗೆ ತಗುಲಿಸಿದರೆ ಕವಚವೋ ಹಾಲುಗೋಧಿಯೋ ಹೇಳುತ್ತಿತ್ತು. ಹೆಂಗಸರು ಬುಟ್ಟಿ ಹೊತ್ತು ಸಾಲಾಗಿ ಬಂದದ್ದನ್ನು ಕಂಡು ಅವನು ಎದ್ದು ನಿಂತ.

“ಅಕ್ಕಾರ, ಕಾಳಿಗೆ ಕೋಲ ಹಚ್ಚಬೇಕ್ರಿ. ರೂಲ್ ಐತಿ.”

“ಹಚ್ಚಪಾ,” ಎಂದಳು ಕಳಕವ್ವ. “ಒಳಗ ಬಾ, ಬಸರೀ ಉಡ್ಯಾಗ ಕೈ ಹಾಕಿ ಹಚ್ಚು. ನಿಮ್ಮವ್ವಗ ನಾನ ಹೇಳಿ ಕಳಸ್ತೇನಿ, ನಿನ್ನ ಮಗಾ ಇಂಥಾ ನೌಕರಿ ಹಿಡದಾನ ನೋಡಬೇ ಅಂತ.”

ಹೆಂಗಸರೆಲ್ಲ ನಕ್ಕರು. ಸಂಗಪ್ಪ ಕಿವಿಯವರೆಗೂ ಕೆಂಪಾಗಿ ಕೋಲನ್ನು ಚೀಲಕ್ಕೆ ಸೇರಿಸಿದ. ಊಟಕ್ಕೆ ಕೂತು ಮಾದಲಿಯನ್ನು ಎರಡು ಸಲ ಹಾಕಿಸಿಕೊಂಡ.

ಒಳಗೆ ಹಾಡು ನಡೆದಿತ್ತು. ಒಬ್ಬೊಬ್ಬಳೂ ಬುಟ್ಟಿ ಬಗ್ಗಿಸಿದಂತೆ ದುರಗವ್ವ ಸೊಸೆಯ ಉಡಿಯನ್ನು ಹಿಂದಿನ ಚೀಲಕ್ಕೆ ಬರಿದು ಮಾಡುವುದು, ಮತ್ತೆ ಒಡ್ಡಿಸುವುದು. ಕಾಳಿನ ಭಾರಕ್ಕೆ ಸೆರಗು ಹರಿಯಿತು. ಕಸ್ತೂರೆವ್ವ ನಗುತ್ತಿದ್ದಳು, ಅಳುತ್ತಿದ್ದಳು, ಎರಡನ್ನೂ ಒಟ್ಟಿಗೆ ಮಾಡುತ್ತಿದ್ದಳು. ಆ ಊರಿನಲ್ಲಿ ಅಷ್ಟೊಂದು ಜನ ತನ್ನನ್ನು ತಮ್ಮವಳೆಂದುಕೊಂಡಿದ್ದಾರೆಂದು ಅವಳಿಗೆ ಆವರೆಗೆ ಗೊತ್ತಿರಲಿಲ್ಲ.

ಮಂದಿ ಹೋದ ಮೇಲೆ ಗದಿಗೆಪ್ಪ ಚೀಲಗಳನ್ನು ನೋಡಿ ಹೆದರಿದ. “ಯವ್ವಾ, ಸಿಕ್ಕೊಂಡ್ರ ಏನ ಗತಿ?”

“ಉಡೀ ಕಾಳು ಮಾರಬಾರದು, ಮಂದಿಗೆ ಕೊಡಬಾರದು,” ಎಂದಳು ದುರಗವ್ವ. “ಬಿತ್ತಬಾರದು ಅಂತ ಯಾರೂ ಹೇಳಿಲ್ಲ.”

ಕೇಂದ್ರದವರು ಬಿತ್ತಲು ಕೊಟ್ಟ ಹಾಲುಗೋಧಿಯನ್ನು ಬೀಸಿ ಚಪಾತಿ ಮಾಡಿಕೊಂಡು ತಿಂದರು. ಬಹಳ ರುಚಿಯಾಗಿತ್ತು. ಹುಳ ಸುಮ್ಮನೆ ಬೆನ್ನು ಹತ್ತಿರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಪರದೆಯ ಮೇಲೆ ಊರೂರಿನ ಪಾಲಿನ ಹೊಲಗಳು ಕೆಂಪಾಗತೊಡಗಿದವು. ಎರೆಹಾಳ ಮಾತ್ರ ಹಸಿರಾಗಿಯೇ ಇತ್ತು.

“ಮೂಗುಗಂಬ ಕೆಟ್ಟಿರಬೇಕು ಮೇಡಂ,” ಎಂದ ಸಹಾಯಕ ಅನ್ವರ್ ಮುಲ್ಲಾ.

ಇಂದುಮತಿ ಕಂಬವನ್ನು ಪರೀಕ್ಷಿಸಿದಳು. ಕಂಬ ಸರಿಯಾಗಿತ್ತು, ಗಾಳಿಯ ತೇವವನ್ನೂ ಹಳ್ಳದ ಕೆಸರಿನ ವಾಸನೆಯನ್ನೂ ತಪ್ಪದೆ ಹೇಳುತ್ತಿತ್ತು. ಕಚ್ಚಿದ ಗೋಧಿಯ ವಾಸನೆ ಮಾತ್ರ ಇಲ್ಲ. ಎರೆಹಾಳದ ಸುತ್ತ ಗಾಳಿ ಸುಳಿದಾಡುವ ರೀತಿಯೇ ಬೇರೆ. ಅಲ್ಲಿ ಕಹಿಹೊಟ್ಟೆಯ ನೊಣ ಒಂಟಿಯಾಗಿ ಗೆದ್ದರೆ ಅದರ ಸಂತಾನ ಇಡೀ ಎರೆ ಸೀಮೆಗೆ ಹಬ್ಬುತ್ತದೆಂದು ಲೆಕ್ಕ ಹಾಕಿದವಳು ಅವಳೇ. ಅವಳು ಜೀಪು ತರಿಸಿದಳು.

ಹಳ್ಳದ ದಂಡೆಯಲ್ಲಿ ಇಳಿದಾಗ ಅವಳ ಕಾಲು ನಿಂತುಬಿಟ್ಟಿತು. ಕವಚ ಇಷ್ಟು ಚೆನ್ನಾಗಿ ಬೆಳೆದಿದ್ದನ್ನು ಅವಳು ಎಲ್ಲೂ ನೋಡಿರಲಿಲ್ಲ, ತನ್ನ ಪ್ರಯೋಗದ ಹೊಲದಲ್ಲೂ. ಇಷ್ಟು ವರ್ಷ ಕಾಳು ಕೊಡದೆ, ಹೊಟ್ಟು ಹುಲ್ಲೆಲ್ಲ ಮಣ್ಣಿಗೇ ಸೇರಿ ಹೊಲ ಹದವಾಗಿತ್ತು. ತಳಿ ಕಟ್ಟಿದವಳ ಎದೆ ತಾಯಿಯ ಎದೆಯಂತೆ ಉಬ್ಬಿತು, ಮರುಗಳಿಗೆಯಲ್ಲಿ ಅದೇ ಎದೆ ಧಸಕ್ಕೆಂದಿತು.

ತುಂಬು ಬಸುರಿ ಕಸ್ತೂರೆವ್ವ ಹೊಲದ ನಡುವೆ ನಿಂತಿದ್ದಳು. ಹೆರಿಗೆಗೆ ತವರಿಗೆ ಹೋಗುವ ದಿನ ದಾಟಿಹೋಗಿತ್ತು. ಕಾಳು ಬಲಿತದ್ದನ್ನು ನೋಡಿಯೇ ಹೋಗುತ್ತೇನೆಂದು ಹಟ ಹಿಡಿದಿದ್ದಳು. ಜೀಪು ಕಂಡರೂ ಅವಳಿಗೆ ಸಂತೋಷ ತಡೆಯಲಾಗಲಿಲ್ಲ. ಒಂದು ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಊದಿ ಮುಂದೆ ಹಿಡಿದಳು.

“ನೋಡ್ರಿ ಬಾಯಾರ, ಹಾಲ ತುಂಬೇತ್ರಿ.”

ಇಂದುಮತಿ ಆ ಅಂಗೈಯನ್ನು ನೋಡಿದಳು. “ಈ ಬೀಜ ಯಾರು ಕೊಟ್ಟರವ್ವ?”

“ಯಾರೂ ಕೊಟ್ಟಿಲ್ರಿ. ನಾನ ಕದ್ದೇನಿ.”

“ಇಷ್ಟು ಬೀಜಾ ಒಬ್ಬಾಕಿ ಕದಿಯೂದು ಆಗೂದಿಲ್ಲ. ಹೆಸರು ಹೇಳು, ನಿನಗ ಏನೂ ಆಗದಂಗ ನೋಡ್ಕೋತೇನಿ.”

“ನಾನ ಕದ್ದೇನ್ರಿ,” ಎಂದಳು ಕಸ್ತೂರೆವ್ವ. ಮುಂದೆ ಎಷ್ಟು ಕೇಳಿದರೂ ಅದೇ ಮಾತು. ಒಂದು ಹೆಸರನ್ನೂ ಅವಳು ಬಾಯಿಂದ ಹೊರಬಿಡಲಿಲ್ಲ.

ಇಂದುಮತಿ ತಾಳ್ಮೆಯಿಂದ ನೊಣದ ಸಂಗತಿಯನ್ನೆಲ್ಲ ಬಿಡಿಸಿ ಹೇಳಿದಳು. “ನಿನ್ನ ಹೊಲದಾಗ ಹುಳಾ ಹುಟ್ಟಲಿಲ್ಲಂದ್ರ ಎರಡು ವರ್ಷದಾಗ ಯಾರ ಹೊಲದಾಗೂ ಕಾಳು ಇರೂದಿಲ್ಲವ್ವ.”

“ನಮ್ಮ ಹೊಲದಾಗ ಇಷ್ಟ ವರ್ಷ ಇರಲಿಲ್ರಿ,” ಎಂದಳು ಕಸ್ತೂರೆವ್ವ. “ಆವಾಗ ಯಾರೂ ಜೀಪ್ ತಗೊಂಡ ಬರಲಿಲ್ಲ.”

ಇಂದುಮತಿ ಬದುವಿನ ಮೇಲೆ ಕೂತು ನಿರ್ದೇಶಕ ಡಾ. ಜಯತೀರ್ಥ ಕುಷ್ಟಗಿಯವರಿಗೆ ಫೋನು ಮಾಡಿದಳು.

ಕುಷ್ಟಗಿಯವರು ತಲೆಬಿಸಿ ಮಾಡಿಕೊಳ್ಳುವ ಮನುಷ್ಯರಲ್ಲ. ದಾರಿ ಎರಡೇ, ಎಂದರು. ಒಂದು, ಎರೆಹಾಳದ ಗೋಧಿಯನ್ನೆಲ್ಲ ನೊಣದ ಸಮೇತ ಸುಟ್ಟುಬಿಡುವುದು. ಇನ್ನೊಂದು, ಪಾಲಿನ ಹೊಲದ ಕವಚವನ್ನು ನಾಳೆ ಸಂಜೆಯೊಳಗೆ ಬೇರುಸಹಿತ ಕಿತ್ತು, ಕೇಂದ್ರದ ಗಾಜಿನಮನೆಯಲ್ಲಿ ಹುಳ ಸಾಕಲು ಬೆಳೆಸಿದ್ದ ಹಾಲುಗೋಧಿಯನ್ನು ಮೊಟ್ಟೆಯ ಸಮೇತ ತಂದು ನೆಡುವುದು. “ನಮ್ಮಲ್ಲಿ ಅಷ್ಟು ಆಳಿಲ್ಲ. ಊರವರೇ ಕೀಳಲಿ. ಪಾಠವೂ ಆಗುತ್ತದೆ.”

ಇಂದುಮತಿ ಊರ ಅಗಸಿ ಬಾಗಿಲಲ್ಲಿ ನಿಂತು ಎರಡು ದಾರಿಗಳನ್ನೂ ಹೇಳಿದಳು. ಗಂಡಸರು ನೆಲ ನೋಡಿದರು. ಅಧ್ಯಕ್ಷರು ಊರಿನ ಹಿತ ಎಂದರು, ಮಠದವರು ತ್ಯಾಗ ಎಂದರು. ತ್ಯಾಗ ಬೇರೆಯವರದಾಗಿದ್ದರೆ ನಾಲಿಗೆಗೆ ಭಾರವಾಗುವುದಿಲ್ಲ.

ಮರುದಿನ ಬೆಳಿಗ್ಗೆ ಹೆಂಗಸರು ಹೊಲಕ್ಕೆ ಬಂದರು. ಕೀಳುವ, ನೆಡುವ ಕೆಲಸ ಯಾವಾಗಲೂ ಹೆಂಗಸರದೇ. ಬುಟ್ಟಿ ಹೊತ್ತು ಕುಬಸಕ್ಕೆ ಬಂದಿದ್ದವರೇ ಎಲ್ಲರೂ. ಬದುವಿನ ಮೇಲೆ ನಿಂತರು, ಮೊದಲು ಯಾರೂ ಇಳಿಯಲಿಲ್ಲ. ಕಸ್ತೂರೆವ್ವ ಅವರೆದುರು ಅಡ್ಡ ನಿಂತಿದ್ದಳು.

ಕಳಕವ್ವ ಸೆರಗು ಸಿಕ್ಕಿಸಿ ಇಳಿದಳು.

“ಅತ್ತಿ,” ಎಂದಳು ಕಸ್ತೂರೆವ್ವ, “ಇದು ನೀವ ತುಂಬಿದ ಕಾಳು.”

“ಗೊತ್ತೈತೆವ್ವ.”

“ನಿಮ್ಮ ಹೆಸರ ಹೇಳಿಲ್ಲ ನಾನು. ಯಾರದೂ ಹೇಳಿಲ್ಲ.”

“ಅದೂ ಗೊತ್ತೈತಿ. ನಿನ್ನ ಪುಣ್ಯಾ ದೊಡ್ಡದು. ಆದ್ರ ನನ್ನ ಹೊಲಾನೂ ಬಾಜೂಕ ಐತಿ ತಂಗಿ, ಅದನ್ನ ಸುಡಾಕ ಹೆಂಗ ಬಿಡಲಿ?” ಕಳಕವ್ವ ಬಗ್ಗಿ ಮೊದಲ ಸಾಲಿನ ಬುಡಕ್ಕೆ ಕೈ ಹಾಕಿದಳು. “ಅತ್ತಾಗ ಸರಿ, ಕಾಲಿಗೆ ಸಿಗತೀ.”

ಒಬ್ಬಳು ಇಳಿದ ಮೇಲೆ ಉಳಿದವರಿಗೆ ಕಷ್ಟವಾಗಲಿಲ್ಲ. ಎರೆ ಮಣ್ಣು ಬಿರುಕು ಬಿಟ್ಟಿತ್ತು, ಬೇರು ಸುಲಭವಾಗಿ ಬರುತ್ತಿತ್ತು. ಮೊದಮೊದಲು ಸುಮ್ಮನೆ ಕಿತ್ತರು, ಆಮೇಲೆ ಅಭ್ಯಾಸ ಬಲದಿಂದ ಮಾತಾಡತೊಡಗಿದರು, ಯಾರದೋ ಎಮ್ಮೆಯ ಸುದ್ದಿ, ಯಾರದೋ ನಾದಿನಿಯ ಸುದ್ದಿ. ಕಸ್ತೂರೆವ್ವ ನಡುವೆ ಕೂತುಬಿಟ್ಟಳು. ಅವಳ ಸುತ್ತ ಮಾತ್ರ ಸ್ವಲ್ಪ ಬಿಟ್ಟು ಕೀಳುತ್ತ ಹೋದರು. ಮಧ್ಯಾಹ್ನ ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ ಕಳಕವ್ವ ಒಂದು ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಅವಳಿಗೆ ಕೊಟ್ಟಳು. ಹೊಟ್ಟೆಯಲ್ಲಿ ಕೂಸು ಒದೆಯುತ್ತಿತ್ತು, ಹಸಿವು ತಡೆಯಲಾಗಲಿಲ್ಲ. ಕಸ್ತೂರೆವ್ವ ಆ ರೊಟ್ಟಿಯನ್ನು ತಿಂದಳು. ಬೆಳೆ ಕಿತ್ತದ್ದಕ್ಕಿಂತ ಆ ರೊಟ್ಟಿ ತಿಂದದ್ದು ಅವಳನ್ನು ಹೆಚ್ಚು ಸುಟ್ಟಿತು.

ಊಟದ ನಂತರ ಅವಳು ಕೂತಿದ್ದ ಜಾಗವನ್ನೂ ಕಿತ್ತರು. ಅವಳು ತಾನಾಗಿ ಎದ್ದು ಸರಿದಳು. ಟ್ರಕ್ಕುಗಳಲ್ಲಿ ಹಾಲುಗೋಧಿ ಬಂತು, ತೆನೆ ತೆನೆಯಲ್ಲೂ ಅರಿಸಿನದ ಪುಡಿಯಂಥ ಮೊಟ್ಟೆ. ನೆಟ್ಟರು, ನೀರು ಹಾಯಿಸಿದರು. ಸಂಜೆಯ ಬಸ್ಸಿಗೆ ಕಸ್ತೂರೆವ್ವ ತವರಿಗೆ ಹೋದಳು, ಯಾರಿಗೂ ಹೋಗಿಬರುತ್ತೇನೆ ಎನ್ನಲಿಲ್ಲ.

ಕೆಲವು ದಿನಗಳಲ್ಲಿ ಎರೆಹಾಳ ಕೆಂಪಾಯಿತು. ನಿಯಂತ್ರಣ ಕೇಂದ್ರದಲ್ಲಿ ಚಪ್ಪಾಳೆ ತಟ್ಟಿ ಪೇಢೆ ಹಂಚಿದರು.

ಆಮೇಲೆ ಸಭೆ. ಬೀಜ ಉಡಿಯಲ್ಲಿ ಹೋಗಿತ್ತೆಂಬುದನ್ನು ಸಂಗಪ್ಪ ಕಡೆಗೂ ಬಾಯಿಬಿಟ್ಟಿದ್ದ. ಯಾರು ಯಾರು ತಂದರೆಂಬುದನ್ನು ಮಾತ್ರ ತನ್ನ ಚರ್ಮ ಉಳಿಸಿಕೊಳ್ಳಲು ನುಂಗಿಕೊಂಡಿದ್ದ. ಕುಷ್ಟಗಿಯವರು ಎರಡು ತೀರ್ಮಾನ ಮುಂದಿಟ್ಟರು. ಮೊದಲನೆಯದು, ಮೋಸ ಮಾಡಿದ ಮನೆಯನ್ನು ನಂಬುವಂತಿಲ್ಲವಾದ್ದರಿಂದ ಗದಿಗೆಪ್ಪನ ಕುಟುಂಬದಿಂದ ಪಾಲಿನ ಗೌರವವನ್ನು ಹಿಂತೆಗೆದುಕೊಳ್ಳುವುದು. ಹೌದು, ಗೌರವ ಎಂದೇ ಹೇಳಿದರು, ಯಾರೂ ನಗಲಿಲ್ಲ. ಅಧ್ಯಕ್ಷರ ಹೊಲ, ಮಠದ ಹೊಲ ಯಾರ ಬಾಯಿಗೂ ಬರಲಿಲ್ಲ, ಗಾಳಿಗೆ ಪಕ್ಕದ ಹೊಲವೂ ನಡೆದೀತು, ಪಾಲು ಅಲ್ಲಿಗೆ ಹೋಗಲಿ ಎಂದಾಯಿತು. ಪಕ್ಕದ ಹೊಲ ಕಳಕವ್ವನದು. ಎರಡನೆಯದು, ಇನ್ನು ಮುಂದೆ ಪಾಲಿನ ಮನೆಯಲ್ಲಿ ಉಡಿ ತುಂಬುವುದನ್ನೇ ನಿಷೇಧಿಸುವುದು.

ಇಲ್ಲಿ ಇಂದುಮತಿಯ ಮನಸ್ಸು ಒಪ್ಪಲಿಲ್ಲ. ಕಸ್ತೂರೆವ್ವನ ಅಂಗೈ ಅವಳ ಕಣ್ಣೆದುರಿನಿಂದ ಹೋಗಿರಲಿಲ್ಲ. ಹೆಂಗಸರ ಇದೊಂದು ಸಂತೋಷವನ್ನು ಕಾನೂನಿನಿಂದ ಕಿತ್ತುಕೊಳ್ಳುವುದು ಕ್ರೂರವೆನಿಸಿತು. ಎದ್ದು ನಿಂತು ವಾದಿಸಿದಳು: “ಪದ್ಧತಿಯನ್ನು ಯಾಕೆ ಕೊಲ್ಲಬೇಕು ಸರ್? ಕಾಳನ್ನು ಹುರಿದು ತುಂಬಲಿ. ಹುರಿದ ಕಾಳು ಮೊಳೆಯುವುದಿಲ್ಲ. ನಮಗೆ ಅಷ್ಟೇ ಬೇಕಾದದ್ದು.”

ಎಲ್ಲರೂ ತಲೆದೂಗಿದರು. ಮಾನವೀಯವಾಗಿದೆ ಎಂದರು ಕುಷ್ಟಗಿಯವರು. ಕಾನೂನು ಎರೆ ಸೀಮೆಗೆಲ್ಲ ಜಾರಿಯಾಯಿತು. ಆ ಕೋಣೆಯಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಉಡಿಯೊಡ್ಡಿದವರು ಒಬ್ಬರೂ ಇರಲಿಲ್ಲ. ಇಂದುಮತಿ ಮದುವೆಯಾದವಳಲ್ಲ, ಓದು, ತಳಿ, ನೊಣ, ಇದರಲ್ಲೇ ಆಯುಷ್ಯ ಕಳೆದವಳು.

ಮರುವರ್ಷದ ಚಳಿಗಾಲ. ಕಸ್ತೂರೆವ್ವ ಕಂಕುಳಲ್ಲಿ ಹೆಣ್ಣುಕೂಸನ್ನು ಹೊತ್ತು ತಿರುಗಿ ಬಂದಿದ್ದಳು. ಗದಿಗೆಪ್ಪ ಹಾಡುಹಗಲೇ ಕವಚ ಬಿತ್ತಿದ್ದ. ರಾಶಿಯ ಪೂಜೆಗೆ ಅವನಿಗೆ ಈಗಲೇ ಕರೆ ಬಂದಿತ್ತು. ಬದುವಿನ ಆಚೆ ಕಳಕವ್ವನ ಹೊಲದಲ್ಲಿ ಮೂಗುಗಂಬ ನಿಂತಿತ್ತು, ಸಂಜೆಯಾದರೆ ನೊಣಗಳು ಅದರ ಸುತ್ತ ಹೊಗೆಯಂತೆ ಏಳುತ್ತಿದ್ದವು. ಕಳಕವ್ವನ ದೊಡ್ಡ ಬಾಯಿ ಸಣ್ಣದಾಗಿತ್ತು. ಬಾವಿಯ ಕಟ್ಟೆಯಲ್ಲಿ ಹೆಂಗಸರು ಅವಳಿಗೆ ಜಾಗ ಬಿಡುತ್ತಿದ್ದರು, ಮರ್ಯಾದೆಗಲ್ಲ. ಕಸ್ತೂರೆವ್ವ ಮಾತ್ರ ಜಾಗ ಬಿಡುವ ತೊಂದರೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಕಳಕವ್ವ ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಕೊಡ ಎತ್ತಿಕೊಂಡು ನಡೆಯುತ್ತಿದ್ದಳು.

ಕಳಕವ್ವನ ಸೊಸೆ ಸಾವಕ್ಕ, ಇನ್ನೂ ಹುಡುಗಿ, ಬಸುರಿಯಾಗಿದ್ದಳು. ಚೊಚ್ಚಲು. ಕುಬಸ ಇಟ್ಟುಕೊಂಡರು. ಕಳಕವ್ವ ಮನೆಮನೆಗೆ ಹೋಗಿ ಕರೆದಳು, ಇಂದುಮತಿಗೂ ಸಂಗಪ್ಪನ ಕೈಯಲ್ಲಿ ಹೇಳಿಕಳಿಸಿದಳು. ದೊಡ್ಡವರೊಬ್ಬರು ಬಂದು ಕೂತರೆ ಊರ ಹೆಂಗಸರೂ ಬಂದಾರೆಂಬ ಆಸೆ. ಇಂದುಮತಿ ಸಂತೋಷದಿಂದ ಬಂದಳು. ತಾನು ಉಳಿಸಿದ ಪದ್ಧತಿಯನ್ನು ಕಣ್ಣಾರೆ ನೋಡಬೇಕೆನಿಸಿತ್ತು.

ಹೆಂಗಸರು ಬಂದರು, ಆದರೆ ಬರಿಗೈಯಲ್ಲಿ. ಒಬ್ಬಳು ಹೂವು ತಂದಳು, ಇನ್ನೊಬ್ಬಳು ಬಳೆ. ಹಾಡಿದರು. ಹಸಿರು ಸೀರೆಯಲ್ಲಿ ಸಾವಕ್ಕ ಮಣೆಯ ಮೇಲೆ ಕೂತು ಸೆರಗನ್ನು ಎರಡೂ ಕೈಯಲ್ಲಿ ಒಡ್ಡಿದಳು. ಯಾರೂ ಏಳಲಿಲ್ಲ. ಹಸಿ ಕಾಳು ತರೋಣವೆಂದರೆ ಬಾಗಿಲಲ್ಲಿ ಸಂಗಪ್ಪ ಕೋಲು ಹಿಡಿದು ಕೂತಿದ್ದ. ಈ ಸಲ ಅವನು ನಗೆಗೆ ಹೆದರುವಂತಿರಲಿಲ್ಲ. ಹುರಿದ ಕಾಳು ತರಲು ಯಾವ ಹೆಂಗಸಿನ ಕೈಯೂ ಏಳಲಿಲ್ಲ. ಬಸುರಿಯ ಉಡಿಗೆ ಸತ್ತ ಬೀಜ ಹಾಕುವುದೆಂದರೆ ಅವಳ ಹೊಟ್ಟೆಗೆ ಶಾಪ ಹಾಕಿದಂತೆ. ಅದಕ್ಕಿಂತ ಖಾಲಿ ಉಡಿ ಮೇಲು ಎಂದು ಎಲ್ಲರೂ ತಮ್ಮ ತಮ್ಮೊಳಗೇ ನಿಶ್ಚಯಿಸಿಕೊಂಡು ಬಂದಿದ್ದರು. ಇಂದುಮತಿಗೆ ಇದು ಯಾವುದೂ ಗೊತ್ತಾಗಲಿಲ್ಲ. ಯಾಕೆ ತಡವಾಗುತ್ತಿದೆ ಎಂದು ಅತ್ತಿತ್ತ ನೋಡುತ್ತಿದ್ದಳು.

ಆಗ ಕಸ್ತೂರೆವ್ವ ಬಂದಳು.

ಕಳಕವ್ವನ ಮುಖ ಅರಳಿತು. ಹಳೆಯದನ್ನು ಮರೆತು ಬಂದಳು ಎಂದುಕೊಂಡಳು. ಕಸ್ತೂರೆವ್ವನ ಕೈಯಲ್ಲಿ ಹೊಸ ಕುಪ್ಪಸದ ಖಣ ಮುಚ್ಚಿದ ಮೊರವಿತ್ತು. ಖಣ ತೆಗೆದಳು. ಹುರಿದ ಗೋಧಿಯ ಘಮ ಮನೆಯನ್ನೆಲ್ಲ ತುಂಬಿತು. ಹಾಡು ನಿಂತಿತು.

“ಕಸ್ತೂರಿ,” ಎಂದಳು ಕಳಕವ್ವ. ಎದ್ದು ಬಂದು ಅವಳ ಮೊಣಕೈ ಹಿಡಿದಳು. “ನನಗ ಬೇಕಾದ್ದ ಅನ್ನು. ನನ್ನ ಮಾರೀ ಮ್ಯಾಲೆ ಉಗುಳು. ಹುಡಿಗಿ ಏನ ಮಾಡೇತಿ? ಬ್ಯಾಡವ್ವ.”

“ಯಾಕ್ರಿ ಅತ್ತಿ? ಉಡಿ ಖಾಲೀ ಇರಬಾರದಲ್ಲ.” ಕಸ್ತೂರೆವ್ವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಹುರದ ತುಂಬಬೇಕಂತ ರೂಲ್ ಐತಿ. ಬಾಯಾರು ಇಲ್ಲೇ ಕುಂತಾರ, ಕೇಳ್ರಿ ಬೇಕಾದ್ರ.”

ಎಲ್ಲರೂ ಇಂದುಮತಿಯ ಕಡೆ ತಿರುಗಿದರು. ಆ ಮುಖಗಳನ್ನು ನೋಡಿದಾಗ ಅವಳಿಗೆ ತಿಳಿಯಿತು, ತಾನು ಸಭೆಯಲ್ಲಿ ಎದ್ದು ನಿಂತು ಏನನ್ನು ಕೇಳಿ ಪಡೆದಿದ್ದೆ ಎಂದು. ಬೇಡ ಎಂಬ ಒಂದು ಮಾತು ಸಾಕಿತ್ತು. ಬಾಗಿಲಲ್ಲಿ ಸಂಗಪ್ಪನೂ ಅವಳ ಬಾಯನ್ನೇ ನೋಡುತ್ತಿದ್ದ. ಇಲ್ಲಿ ಬೇಡ ಎಂದರೆ ಇವತ್ತೇ ಸುದ್ದಿಯಾಗುತ್ತದೆ, ಊರೂರಿನ ಪಾಲಿನ ಮನೆಗೆ ಹಸಿ ಕಾಳು ಹೋಗುತ್ತದೆ, ಉಡಿಯ ಕಾಳು ಮತ್ತೆ ಹೊಲಕ್ಕೆ ಬೀಳುತ್ತದೆ. ಅವಳು ಲೆಕ್ಕ ಹಾಕಿದಳು. ಲೆಕ್ಕ ಹಾಕದೆ ಅವಳಿಗೆ ಬದುಕಿ ಗೊತ್ತಿರಲಿಲ್ಲ.

“ಹೌದು,” ಎಂದಳು. “ರೂಲ್ ಐತಿ.”

ಕಳಕವ್ವನ ಕೈ ಜಾರಿತು. ಕಸ್ತೂರೆವ್ವ ಸಾವಕ್ಕನ ಎದುರು ಕೂತು ಅರಿಸಿನ ಕುಂಕುಮ ಹಚ್ಚಿದಳು, ತಲೆಗೆ ಹೂ ಮುಡಿಸಿದಳು, ಯಾವುದನ್ನೂ ಬಿಡಲಿಲ್ಲ. ಆಮೇಲೆ ಬೊಗಸೆಯಲ್ಲಿ ಕಾಳು ಎತ್ತಿ ಉಡಿಗೆ ಹಾಕಿದಳು. ಒಂದು, ಎರಡು, ಮೂರು. ಕಾಳು ಇನ್ನೂ ಬಿಸಿಯಿತ್ತು. ಒಡ್ಡಿದ ಉಡಿಯನ್ನು ಸಾವಕ್ಕ ಮಡಚಲಿಲ್ಲ, ಮಡಚುವಂತಿರಲಿಲ್ಲ. ನಾಲ್ಕನೆಯ ಬೊಗಸೆ ಬಿದ್ದಾಗ ತಲೆ ಎತ್ತಿದಳು.

“ಅಕ್ಕಾ, ಇದು ಮೊಳಿಯೂದಿಲ್ಲಲ್ಲ?”

“ಮೊಳಿಯೂದಿಲ್ಲವ್ವ,” ಎಂದು ಕಸ್ತೂರೆವ್ವ ಐದನೆಯದನ್ನು ಹಾಕಿದಳು.